ಹೊಳಿ ಸೀನಿಗೆ ಒಂದೇ ಬಟ್ಟೆಯ ಎಷ್ಟು ಕಾಪಿ ಬೇಕು?

ಕಾಸ್ಟ್ಯೂಮ್ ಲಿಸ್ಟ್ ಹಿಡ್ಕೊಂಡು ಹೋದಾಗಲೆಲ್ಲ ಮ್ಯಾನೇಜರ್ ಕೇಳೋದು ಒಂದೇ: "ಹೀರೋಯಿನ್ ಒಂದ ಸೀರಿ ಉಡ್ತಾಳಲ್ರಿ, ಐದ್ಯಾಕ?" ಪೀರಿಯಡ್ ಸಿನಿಮಾಕ್ಕೆ ಹೋಗೋ ಹೊಸ ಹುಡುಗರು ಈ ಪ್ರಶ್ನೆಗೆ ಉತ್ತರ ಬಾಯಿಪಾಠ ಮಾಡ್ಕೊಂಡಿರಬೇಕು. ತುಂಗಭದ್ರೆ ದಡದ ಆನೆಗೊಂದಿಯ ಶೂಟಿಂಗ್ ಸ್ಕೆಡ್ಯೂಲ್‌ನಲ್ಲಿ ಉತ್ತರ ಸರಿಯಾಗೇ ಇತ್ತು, ಕೇಳ್ಕೊಂಡ ಪ್ರಶ್ನೆ ತಪ್ಪಿತ್ತು.

ಆ ಸಿನಿಮಾದ ಕಥೆ 1948ರದ್ದು. ಆಗ ತುಂಗಭದ್ರೆಯೇ ಗಡಿ. ಈ ದಡ ನಿಜಾಮನ ಹೈದರಾಬಾದ್, ಆ ದಡ ಮದ್ರಾಸ್ ಪ್ರಾಂತ್ಯ. ಕೊಪ್ಪಳ ಸೀಮೆಯ ಹೆಣ್ಣುಮಗಳೊಬ್ಬಳು ಹರಿಗೋಲಲ್ಲಿ ಹೊಳೆ ದಾಟಿ ಹೊಸಪೇಟೆ ಕಡೆಗೆ ಚೀಟಿ ಸಾಗಿಸ್ತಾಳೆ. ಅವಳು ಮೆಚ್ಚಿದವನು ನಿಜಾಮನ ವಿರುದ್ಧ ಹೋರಾಡ್ತಿದ್ದವರ ಮುಂಡರಗಿ ಶಿಬಿರದ ಹುಡುಗ. ಸೆಪ್ಟೆಂಬರ್ 13ಕ್ಕೆ ಭಾರತದ ಸೈನ್ಯ ಒಳಗೆ ಬರೋಕೆ ಮುಂಚಿನ ಕೆಲವು ವಾರಗಳ ಪ್ರೇಮಕಥೆ ಅನ್ನಿ.

ಮೊದಲ ಜಗಳ ಖಾದಿಗೆ. ಸ್ವಾತಂತ್ರ್ಯ ಹೋರಾಟ ಅಂದ ಕೂಡಲೇ ಹೀರೋಯಿನ್‌ಗೆ ಬಿಳಿ ಖಾದಿ ಸೀರೆ ಉಡಿಸೋ ಚಟ ನಮ್ಮ ಸಿನಿಮಾದವರಿಗಿದೆ. ಕದ್ದು ಚೀಟಿ ಸಾಗಿಸೋಳು ಖಾದಿ ಉಟ್ಟು ಹೋದರೆ ಮೊದಲ ನಾಕಾದಲ್ಲೇ ಸಿಕ್ಕಿಬೀಳ್ತಾಳೆ. ಸಂತೆಗೆ ಹೊರಟೋಳ ಹಾಗೆ ಕಾಣಬೇಕು, ಅಂದರೆ ಇಳಕಲ್ ಸೀರೆ, ಗುಳೇದಗುಡ್ಡದ ಖಣದ ಕುಬಸ, ಹಸಿರು ಗಾಜಿನ ಬಳೆ. ಕುಬಸಕ್ಕೆ ಗಂಟು ಮುಂದೆ. ಬೆನ್ನಿಗೆ ಹುಕ್ ಹಾಕಿದರೆ ಅದು ಈ ಕಾಲದ ಬ್ಲೌಸ್. ಖಾದಿ ಹೀರೋಗೆ ಇರಲಿ, ಶಿಬಿರದಲ್ಲಿರೋನು ಅವನು. ಈ ಮಾತು ಡೈರೆಕ್ಟರ್ ಒಪ್ಪಿದರು.

ಅಂಗಡಿಯಲ್ಲಿ ಈಗ ಸಿಗೋ ಇಳಕಲ್ ಬಹುಪಾಲು ಆರು ಗಜದ್ದು. ಕಚ್ಚೆ ಹಾಕಿ, ಸೊಂಟಕ್ಕೆ ಸಿಕ್ಕಿಸಿ, ಸೆರಗು ತಲೆಮೇಲೆ ತರಬೇಕಾದರೆ ಹದಿನಾರು ಮೊಳ (ಎಂಟು ಗಜ), ದಪ್ಪ ಮೈಯಾದರೆ ಹದಿನೆಂಟು ಮೊಳ ಬೇಕು. ಅದಕ್ಕೆ ಮಗ್ಗಕ್ಕೇ ಆರ್ಡರ್ ಕೊಡಬೇಕು. ಇಳಕಲ್‌ನಲ್ಲಿ ಒಡಲಿನ ಹಾಸು (ಉದ್ದದ ಎಳೆಗಳು) ಬೇರೆ, ಸೆರಗಿನ ಹಾಸು ಬೇರೆ. ಎಳೆಗೆ ಎಳೆ ಕೊಂಡಿ ಹಾಕಿ ಎರಡನ್ನೂ ಜೋಡಿಸಿ ಆಮೇಲೆ ನೇಯ್ತಾರೆ. ಅವಸರ ಮಾಡಿದರೆ ಪವರ್‌ಲೂಮ್‌ದು ತಂದು ಕೈಗಿಡ್ತಾರೆ. ಅದರ ಸೆರಗಿನ ಬಿಳಿ ತೆನೆ ವಿನ್ಯಾಸ ಕ್ಲೋಸಪ್‌ನಲ್ಲಿ ಎದ್ದು ಕಾಣುತ್ತೆ, ಪಕ್ಕದಲ್ಲಿ ಕೈಮಗ್ಗದ್ದಿದ್ದರಂತೂ ಎರಡೂ ಬೇರೆ ಅಂತ ಮಕ್ಕಳಿಗೂ ಗೊತ್ತಾಗುತ್ತೆ. ಎಲ್ಲ ಕಾಪಿಯನ್ನೂ ಒಂದೇ ಸಲ, ಒಂದೇ ಬಣ್ಣದ ನೂಲಿನಲ್ಲಿ ಹೇಳಿ ಮಾಡಿಸೋದು ಇದಕ್ಕೇ. ಆಮೇಲೆ ಇನ್ನೊಂದು ಬೇಕು ಅಂದರೆ ನೀಲಿ ಒಂದು ಛಾಯೆ ಆಚೀಚೆ ಆಗಿರುತ್ತೆ.

ನೀರಿನ ಸೀನಿಗೆ ಲೆಕ್ಕ ಹೀಗೆ. ಒಣ ಶಾಟ್‌ಗೆ ಒಂದು, ಒದ್ದೆ ಶಾಟ್‌ಗೆ ಒಂದು, ರೀಟೇಕ್ ಅಂದರೆ ಮತ್ತೆ ಒಣದ್ದು ಬೇಕಲ್ಲ, ಅದಕ್ಕೊಂದು. ಡ್ಯೂಪ್‌ಗೆ ಒಂದು. ಇನ್ನೊಂದು ನೀರು ಮುಟ್ಟದೆ ಪೆಟ್ಟಿಗೆಯಲ್ಲೇ ಇರಬೇಕು, ಪ್ಯಾಚ್‌ವರ್ಕ್‌ಗೆ, ಅಂದರೆ ಬಿಟ್ಟುಹೋದ ಶಾಟ್ ಆಮೇಲೆ ತೆಗೆಯೋಕೆ. ಐದಾಯ್ತು. ಐದನ್ನೂ ಮೊದಲೇ ಒಗೆದಿರಬೇಕು. ಮೊದಲ ಒಗೆತಕ್ಕೆ ಹತ್ತಿ ಒಡಲು ಕುಗ್ಗುತ್ತೆ, ಸೆರಗಿನ ರೇಷ್ಮೆ ಅಷ್ಟು ಕುಗ್ಗಲ್ಲ, ಕೊಂಡಿ ಹತ್ತಿರ ಸುಕ್ಕು ಬೀಳುತ್ತೆ. ಒಂದು ಸುಕ್ಕಾಗಿ ಇನ್ನೊಂದು ನೆಟ್ಟಗಿದ್ದರೆ ಕಂಟಿನ್ಯೂಟಿ ಹೋಯ್ತು. ಆಮೇಲೆ ಹಳೇದು ಮಾಡೋದು: ಅಂಚಿಗೆ, ಕೂತಾಗ ಸವೆಯೋ ಜಾಗಕ್ಕೆ ಮರಳು ಕಾಗದ, ತಿಳಿ ಬಣ್ಣದ ಬಟ್ಟೆಗೆ ಚಹಾ ಡಿಕಾಕ್ಷನ್. ನೀರಿಗಿಳಿಯೋ ಸೀರೆಯ ಕಚ್ಚೆಗೆ ಒಳಗಿಂದ ಹೊಲಿಗೆ ಹಾಕಲೇಬೇಕು, ಪಿನ್ ನಂಬಬಾರದು. ಒದ್ದೆಯಾದ ಹದಿನಾರು ಮೊಳ ಕಾಲಿಗೆ ಸುತ್ಕೊಂಡರೆ ಈಜು ಬಂದರೂ ಉಪಯೋಗ ಇಲ್ಲ. ಮೊಣಕಾಲುದ್ದ ನೀರಾದರೂ ಇಬ್ಬರು ಅಂಬಿಗರು ಫ್ರೇಮ್ ಹೊರಗೆ ನಿಂತಿರಬೇಕು.

ಮ್ಯಾನೇಜರ್ ಬೈಕೊಂಡೇ ಐದಕ್ಕೂ ಸಹಿ ಹಾಕಿದ್ದರು. ಹೀರೋ ಕಾಲಂನಲ್ಲಿ ಇದ್ದದ್ದು: ಧೋತರ 2, ಖಾದಿ ಅಂಗಿ 1. ಸ್ಕ್ರಿಪ್ಟ್‌ನಲ್ಲಿ ಅವನು "ದಡದ ಮೇಲೆ ನಿಂತು ಕಾಯುತ್ತಾನೆ" ಅಂತಿತ್ತು. ದಡ ಅಂದರೆ ಒಣ ಅಂತ ಇಡೀ ಡಿಪಾರ್ಟ್‌ಮೆಂಟ್ ಓದ್ಕೊಂಡಿತ್ತು.

ಸಂಜೆ ಬೆಳಕು. ಹರಿಗೋಲು ವಾಲಿ ಅವಳು ನೀರಿಗೆ ಬೀಳೋ ಶಾಟ್ ಮೊದಲ ಟೇಕ್‌ಗೇ ಓಕೆ. ಡೈರೆಕ್ಟರ್‌ಗೆ ಖುಷಿಯಾಯ್ತು. ಖುಷಿಯಾದ ಡೈರೆಕ್ಟರ್‌ಗೆ ಹೊಸ ಐಡಿಯಾ ಹೊಳೆಯುತ್ತೆ: ಹೀರೋ ಓಡಿ ಬಂದು ಅವಳನ್ನ ಎತ್ಕೊಂಡು ದಡಕ್ಕೆ ತರಲಿ. ತಂದ, ಚೆನ್ನಾಗೇ ತಂದ. ಕೆಳಗಿಳಿಸಿದಾಗ ಅಂಗಿಯ ಎದೆ, ಎಡತೋಳು ಗುಲಾಬಿ. ಒದ್ದೆ ಸೆರಗಿನ ಕೆಂಪು ಅಷ್ಟೂ ಅಲ್ಲಿತ್ತು. "ಗುಂಡು ಯಾವಾಗ ಬಿತ್ತಪ್ಪ?" ಅಂದ ಕ್ಯಾಮೆರಾ ಅಸಿಸ್ಟೆಂಟ್. ನಕ್ಕವರಲ್ಲಿ ಕಾಸ್ಟ್ಯೂಮ್‌ನವರು ಯಾರೂ ಇರಲಿಲ್ಲ.

ಬಣ್ಣ ಬಿಡುತ್ತಾ ಅಂತ ಟೆಸ್ಟ್ ಮಾಡಿರಲಿಲ್ಲವಾ? ಮಾಡಿದ್ದರು. ಸೀರೆಯ ತುದಿ ಬಕೆಟ್‌ನಲ್ಲಿ ಅದ್ದಿ, ನೀರು ತಿಳಿಯಾಗೇ ಇದೆ ಅಂತ ಪಾಸ್ ಮಾಡಿದ್ದರು. ಅದ್ದಿದ್ದು ನೀಲಿ ಒಡಲಿನ ತುದಿ. ಸೆರಗಿನ ಹೊಳಪು ಹೋಗುತ್ತೆ ಅಂತ ಅದನ್ನ ಮುಟ್ಟಿರಲಿಲ್ಲ. ಮುಟ್ಟಿದ್ದರೂ ಬಕೆಟ್ ಸಾಕಾಗಲ್ಲ. ನೀರಲ್ಲಿ ಬಿಡದ ಬಣ್ಣ ಒತ್ತಡಕ್ಕೆ ಬಿಡುತ್ತೆ. ಬಿಳಿ ಹತ್ತಿ ಬಟ್ಟೆ ಒದ್ದೆ ಮಾಡಿ ಸೆರಗಿನ ಮೇಲಿಟ್ಟು, ಮೇಲೊಂದು ತೂಕ ಇಟ್ಟು ಹತ್ತು ನಿಮಿಷ ಬಿಡಬೇಕು, ಆಮೇಲೆ ಉಜ್ಜಿ ನೋಡಬೇಕು. ಉಪ್ಪುನೀರಲ್ಲಿ ನೆನೆಸಿದರೆ ಬಣ್ಣ ಕೂರುತ್ತೆ ಅನ್ನೋದನ್ನ ಪೂರ್ತಿ ನಂಬಬೇಡಿ. ಬಿಡೋ ಬಣ್ಣ ಬಿಟ್ಟು ಮುಗಿಯೋ ತನಕ ತಣ್ಣೀರಲ್ಲಿ ಜಾಲಿಸೋದೇ ದಾರಿ.

ಅಷ್ಟರಲ್ಲಿ ಅಂಬಿಗ ಬಂದು, "ಅಕ್ಕಾರ, ಡ್ಯಾಮಿನ್ಯಾಗ ಗೇಟ್ ಎತ್ಯಾರಂತ. ನೀರ ಏರಾಕತ್ತೈತಿ, ಇನ್ನೊಂದ್ ಸಲ ಬಿಡ್ತೀನಿ ಅಷ್ಟ," ಅಂದ. ಸೂರ್ಯ ಬಂಡೆಗುಂಡಿನ ಹಿಂದೆ ಇಳೀತಿದ್ದ. ಅಸೋಸಿಯೇಟ್ ಡೈರೆಕ್ಟರ್ ಮೈಕ್‌ನಲ್ಲಿ "ಕಾಸ್ಟ್ಯೂಮ್, ಎಷ್ಟೊತ್ತು?" ಅಂತ ಕೂಗ್ತಾನೇ ಇದ್ದರು. ಅಂಗಿ ತಣ್ಣೀರಿಗೆ ಹಾಕಿ ಸೋಪು ತಿಕ್ಕಿದರೆ ಗುಲಾಬಿ ತೆಳುವಾಯ್ತು, ಹೋಗಲಿಲ್ಲ. ಬಿಸಿನೀರು ಹಾಕಿದ್ದರೆ ಇನ್ನೂ ಕೂರ್ತಿತ್ತು. ಯಾರೋ ಬ್ಲೀಚ್ ತಂದರು. ಬ್ಲೀಚ್ ಹಾಕಿದರೆ ಗುಲಾಬಿ ಜೊತೆಗೆ ಚಹಾದಲ್ಲಿ ಬರಿಸಿದ್ದ ಹಳೆತನವೂ ಹೋಗಿ ಆ ಜಾಗ ಹೊಸ ಅಂಗಿಯಂತೆ ಬೆಳ್ಳಗಾಗುತ್ತೆ. ಕೊನೆಗೆ ಶಿಬಿರದ ಸೀನಿಗೆ ಬಂದಿದ್ದ ಜೂನಿಯರ್ ಆರ್ಟಿಸ್ಟ್ ಒಬ್ಬರ ಮೈಮೇಲಿನ ಖಾದಿ ಅಂಗಿ ಬಿಚ್ಚಿಸಿದ್ದಾಯ್ತು. ಕಾಲರ್ ಬೇರೆ, ಗುಂಡಿ ಪ್ಲಾಸ್ಟಿಕ್. ಕ್ಯಾಮೆರಾ ಅವನ ಬೆನ್ನ ಹಿಂದೆ ಇಡಿಸಿ, ಅವಳ ಸೆರಗನ್ನ ಅವನ ಹೆಗಲ ಮೇಲೆ ಹಾಯಿಸಿ ಕಾಲರ್ ಮುಚ್ಚಿಸಿದರು. ಸೆರಗಿನಡಿ ಪ್ಲಾಸ್ಟಿಕ್ ಹಾಳೆ ಇಟ್ಟಿದ್ದಕ್ಕೆ ಎರಡನೇ ಅಂಗಿ ಉಳೀತು. ಶಾಟ್ ಸಿಕ್ತು.

ಎತ್ಕೊಂಡು ಬರೋ ವೈಡ್ ಶಾಟ್ ಮಾತ್ರ ಮತ್ತೆ ತೆಗೆಯೋಕಾಗಲಿಲ್ಲ. ನೀರು ಏರಿತ್ತು, ಹರಿಗೋಲು ದಡ ಸೇರಿದ್ದವು. ಡಿಐನಲ್ಲಿ, ಅಂದರೆ ಶೂಟಿಂಗ್ ಮುಗಿದಮೇಲೆ ಕಂಪ್ಯೂಟರ್‌ನಲ್ಲಿ ಬಣ್ಣ ತಿದ್ದೋ ಹಂತದಲ್ಲಿ, ಫ್ರೇಮ್ ಫ್ರೇಮ್ ಮಾಸ್ಕ್ ಹಾಕಿ ಗುಲಾಬಿ ತೆಗೆಸಿದರು. ಅದಕ್ಕಾದ ಖರ್ಚಿನಲ್ಲಿ ಇಡೀ ಶಿಬಿರಕ್ಕೆ ಖಾದಿ ಹೊಲಿಸಬಹುದಿತ್ತು. ಅಕೌಂಟ್ಸ್‌ನವರಿಗೆ ಅಂಗಿ ಕಾಸ್ಟ್ಯೂಮ್ ಖರ್ಚು, ಮಾಸ್ಕ್ ಪೋಸ್ಟ್ ಪ್ರೊಡಕ್ಷನ್ ಖರ್ಚು. ಎರಡನ್ನೂ ಒಂದೇ ಹಾಳೆಯಲ್ಲಿ ನೋಡೋರು ಯಾರೂ ಇಲ್ಲ.

ಈಗ ಲಿಸ್ಟ್‌ನಲ್ಲಿ ಒಂದು ಕಾಲಂ ಜಾಸ್ತಿ: ಆ ಸೀನಿನಲ್ಲಿ ಯಾರು ಯಾರನ್ನ ಮುಟ್ಟಬಹುದು. ಪ್ರೇಮಕಥೆ ಅಂದ ಮೇಲೆ ಡೈರೆಕ್ಟರ್ ಯಾವ ಗಳಿಗೆಯಲ್ಲಾದರೂ ಮುಟ್ಟಿಸಬಹುದು, ಹಾಗಾಗಿ ಒದ್ದೆಯಾದವಳ ಪಕ್ಕ ನಿಲ್ಲೋ ಪ್ರತಿಯೊಬ್ಬರಿಗೂ ಮೂರು ಕಾಪಿ. ಕೆಂಪು ಸೆರಗು ಬಿಳಿ ಅಂಗಿ ಎದುರುಬದುರಾದರೆ ಟೆಸ್ಟ್ ಎರಡನ್ನೂ ಸೇರಿಸಿ. ಪ್ಯಾಕಪ್ ಆದಮೇಲೆ ಒದ್ದೆ ಸೀರೆ ಟ್ರಂಕಿಗೆ ತುರುಕಬೇಡಿ. ರಾತ್ರಿ ಬೆಳಗಾಗೋದರೊಳಗೆ ಸೆರಗಿನ ಕೆಂಪು ತನ್ನದೇ ಬಿಳಿ ತೆನೆಗೆ ಇಳಿದಿರುತ್ತೆ. ಸೆರಗಿನ ಮಡಿಕೆಗಳ ನಡುವೆ ಹಳೇ ಪಂಚೆ ಹಾಸಿ, ನೆರಳಲ್ಲಿ ಹಗ್ಗಕ್ಕೆ ಹರವಬೇಕು. ಅದಕ್ಕೆ ಲಾಡ್ಜ್‌ನಲ್ಲಿ ಒಂದು ಖಾಲಿ ರೂಮ್ ಕೇಳಿದರೆ "ಸೀರಿಗೂ ರೂಮಾ?" ಅಂತಾರೆ. ಹೂನ್ರಿ, ಸೀರಿಗೂ ರೂಮ್ ಬೇಕು, ಫ್ಯಾನ್ ಇರೋದು.