ಅಪ್ಪಚ್ಚಿಯ ತೋಟದಡಿಯ ಗ್ಯಾಸ್ ಮತ್ತು ನನ್ನ ಸಿಂಗಾಪುರದ ಕೆಲಸ

ಕಳೆದ ರಜೆಗೆ ಊರಿಗೆ ಬಂದಿದ್ದಾಗ ಅಪ್ಪಚ್ಚಿ, ಅಂದರೆ ನನ್ನ ಚಿಕ್ಕಪ್ಪ, ನನ್ನನ್ನು ತೋಟದ ಕೊನೆಯ ತನಕ ನಡೆಸಿಕೊಂಡು ಹೋದರು. ಅಲ್ಲಿ ಬೇಲಿ ಹತ್ತಿರ ಗ್ಯಾಸ್ ಪೈಪಿನ ಗುರುತಿನ ಕಂಬ. ಕೊಚ್ಚಿಯಿಂದ ಮಂಗಳೂರಿಗೆ ಹೋಗುವ ಪೈಪು ಅವರ ಜಾಗದ ಅಡಿಯಲ್ಲೇ ಹಾದುಹೋಗಿದೆ. ಆ ಪಟ್ಟಿಯಲ್ಲಿ ಈಗ ಅಡಿಕೆ ಸಸಿ ಹಾಕುವ ಹಾಗಿಲ್ಲ. ಹುಲ್ಲು ಮಾತ್ರ.

"ನಿನ್ನ ಕೆಲಸ ಇದರದ್ದೇ ಅಲ್ವಾ? ಇದಕ್ಕೆ ರೇಟು ಹಾಕುವುದು ಯಾರು ಕೂಸೇ?" ಎಂದು ಕೇಳಿದರು.

ಏನೋ ಒಂದು ಹೇಳಿದೆ. ಅವರಿಗೆ ಸಮಾಧಾನ ಆಗಲಿಲ್ಲ, ನನಗೂ ಆಗಲಿಲ್ಲ. ಸಿಂಗಾಪುರಕ್ಕೆ ವಾಪಸ್ ಬಂದ ಮೇಲೂ ಆ ಪ್ರಶ್ನೆ ತಲೆಯಿಂದ ಹೋಗಲಿಲ್ಲ. ಅದಕ್ಕೆ ಈಗ ಕೂತು ಬರೆಯುತ್ತಿದ್ದೇನೆ.

ಬದಿಯಡ್ಕದ ಹತ್ತಿರದ ಕನ್ನಡ ಶಾಲೆಯಲ್ಲಿ ಓದಿದವಳು ನಾನು. ಈಗ ಇಲ್ಲಿ ಎಲ್‌ಎನ್‌ಜಿ, ಅಂದರೆ ತಣಿಸಿ ದ್ರವ ಮಾಡಿದ ಗ್ಯಾಸ್, ಕೊಂಡು ಮಾರುವ ಒಂದು ಕಂಪೆನಿಯಲ್ಲಿ ಒಪ್ಪಂದಗಳನ್ನು ನೋಡಿಕೊಳ್ಳುತ್ತೇನೆ. ಯಾವ ಹಡಗು ಯಾವ ವಾರ ಎಲ್ಲಿ ತುಂಬಿಸಬೇಕು, ಎಲ್ಲಿ ಇಳಿಸಬೇಕು, ತಪ್ಪಿದರೆ ಯಾರು ಎಷ್ಟು ಕೊಡಬೇಕು, ಇದೇ ದಿನವಿಡೀ. ಗ್ಯಾಸನ್ನು ಕಣ್ಣಲ್ಲಿ ನೋಡಿದವಳಲ್ಲ.

ನೆಲದಿಂದ ತೆಗೆದ ಗ್ಯಾಸನ್ನು ಮೈನಸ್ 162 ಡಿಗ್ರಿ ತನಕ ತಣಿಸಿದರೆ ನೀರಿನ ಹಾಗೆ ಆಗುತ್ತದೆ, ಗಾತ್ರ ಸುಮಾರು 600 ಪಾಲು ಕುಗ್ಗುತ್ತದೆ. ಆಗ ಹಡಗಿನಲ್ಲಿ ಸಾಗಿಸಬಹುದು. ಈಗಿನ ದೊಡ್ಡ ಹಡಗೊಂದರಲ್ಲಿ 1,74,000 ಘನ ಮೀಟರ್ ಜಾಗ ಇರುತ್ತದೆ. ಆದರೆ ಎಷ್ಟು ದಪ್ಪ ಕವಚ ಹಾಕಿದರೂ ದಿನಕ್ಕೆ ಸುಮಾರು ಸಾವಿರಕ್ಕೊಂದು ಪಾಲು ಆವಿಯಾಗುತ್ತಲೇ ಇರುತ್ತದೆ. ಅದನ್ನೇ ಸುಟ್ಟು ಹಡಗು ಓಡಿಸುತ್ತಾರೆ.

ನಮ್ಮೂರಿನವರಿಗೆ ಈ ವ್ಯಾಪಾರ ಅರ್ಥವಾಗಬೇಕಾದರೆ ಇಲ್ಲಿಂದ ಶುರು ಮಾಡಬೇಕು. ಅಪ್ಪಚ್ಚಿ ಅಡಿಕೆ ಕೊಳ್ಳುವ ಸಹಕಾರಿ ಸಂಸ್ಥೆ ಕ್ಯಾಂಪ್ಕೊದ ರೇಟು ನೋಡುತ್ತಾರೆ. ಇಷ್ಟವಾಗಲಿಲ್ಲ ಅಂದರೆ ಅಡಿಕೆಯನ್ನು ಗೋಣಿಯಲ್ಲಿ ಕಟ್ಟಿ ಅಟ್ಟಕ್ಕೆ ಹಾಕುತ್ತಾರೆ. ಹಳತಾದರೆ ಜಾಸ್ತಿ ರೇಟೇ ಸಿಗುತ್ತದೆ. ಗ್ಯಾಸಿಗೆ ಆ ಭಾಗ್ಯ ಇಲ್ಲ. ಇಟ್ಟಷ್ಟು ದಿನ ಕರಗುತ್ತದೆ. ಅದನ್ನು ತಣಿಸುವ ಕಾರ್ಖಾನೆ ಕಟ್ಟಲು ಸಾವಿರಾರು ಕೋಟಿ ಬೇಕು. ಕೊಳ್ಳುವವನು ಮೊದಲೇ ಮಾತು ಕೊಡದೆ ಯಾವ ಬ್ಯಾಂಕೂ ಸಾಲ ಕೊಡುವುದಿಲ್ಲ. ಹಾಗಾಗಿ ನೆಲ ಅಗೆಯುವ ಮೊದಲೇ 20, 25 ವರ್ಷದ ಒಪ್ಪಂದ ಆಗುತ್ತದೆ. ಅದರೊಳಗೆ 'ಟೇಕ್ ಆರ್ ಪೇ' ಎಂಬ ಒಂದು ಕಲಮು. ಎತ್ತಿಕೊ, ಇಲ್ಲದಿದ್ದರೆ ಎತ್ತದೆಯೂ ದುಡ್ಡು ಕೊಡು.

ಇನ್ನು ರೇಟು. 1969ರಲ್ಲಿ ಜಪಾನಿಗೆ ಅಲಾಸ್ಕದಿಂದ ಮೊದಲ ಎಲ್‌ಎನ್‌ಜಿ ಹಡಗು ಬಂದಾಗ ಅಲ್ಲಿನ ವಿದ್ಯುತ್ ಕೇಂದ್ರಗಳು ಹೆಚ್ಚಾಗಿ ಎಣ್ಣೆ ಸುಡುತ್ತಿದ್ದವು. ಎಣ್ಣೆಯ ಬದಲು ಬಂದದ್ದಕ್ಕೆ ಮುಂದೆ ಎಣ್ಣೆಯ ಲೆಕ್ಕದಲ್ಲೇ ಬೆಲೆ ಕಟ್ಟುವ ಪದ್ಧತಿ ಬಂತು. ಏಷ್ಯಾದಲ್ಲಿ ಈಗಲೂ ಹೆಚ್ಚಿನ ದೀರ್ಘ ಒಪ್ಪಂದಗಳು ಹಾಗೇ ಇವೆ. ಉದಾಹರಣೆಗೆ ಪೇಟೆಯಲ್ಲಿ ಅಳತೆಗೋಲಾಗಿರುವ ಬ್ರೆಂಟ್ ಕಚ್ಚಾ ಎಣ್ಣೆಗೆ ಬ್ಯಾರೆಲಿಗೆ 80 ಡಾಲರ್ ಇದ್ದು, ಒಪ್ಪಂದದಲ್ಲಿ ಶೇಕಡಾ 12 ಅಂತ ಬರೆದಿದ್ದರೆ, ಒಂದು ಯೂನಿಟ್ (ಹತ್ತು ಲಕ್ಷ ಬಿಟಿಯು ಶಾಖ ಕೊಡುವಷ್ಟು) ಗ್ಯಾಸಿಗೆ 9.60 ಡಾಲರ್. ಈ ಶೇಕಡಾ ಲೆಕ್ಕಕ್ಕೆ ನಾವು 'ಸ್ಲೋಪ್' ಅನ್ನುತ್ತೇವೆ. ಅರ್ಧ ಪರ್ಸೆಂಟಿಗಾಗಿ ತಿಂಗಳುಗಟ್ಟಲೆ ಜಗಳ ಆಗುತ್ತದೆ. ಒಂದು ಹಡಗಿನಲ್ಲಿ ಇಂಥ ಯೂನಿಟ್ 35 ಲಕ್ಷಕ್ಕೂ ಮಿಕ್ಕಿ ಇರುವುದರಿಂದ ಜಗಳ ಸುಮ್ನೆ ಅಲ್ಲ.

ಒಪ್ಪಂದದ ಹೊರಗೆ ಒಂದೊಂದೇ ಹಡಗನ್ನು ಮಾರುವ ಸ್ಪಾಟ್ ಪೇಟೆ ಬೇರೆ ಉಂಟು. ಅಲ್ಲಿನ ಏರಿಳಿತ ನೋಡಿದರೆ ಎದೆ ಹೊಡೆದುಕೊಳ್ಳುತ್ತದೆ. 2020ರ ಏಪ್ರಿಲಿನಲ್ಲಿ ಕೊರೊನಾ ಕಾಲದಲ್ಲಿ ಏಷ್ಯಾದ ಸ್ಪಾಟ್ ಬೆಲೆ 2 ಡಾಲರಿಗಿಂತಲೂ ಕೆಳಗೆ ಇಳಿಯಿತು. ಯುಕ್ರೇನ್ ಯುದ್ಧ ಶುರುವಾದ ಮೇಲೆ, 2022ರ ಮಾರ್ಚಿನಲ್ಲಿ, ಅದೇ ಬೆಲೆ 80 ದಾಟಿತು. ಎರಡೇ ವರ್ಷ.

ಆ 2020ರ ಬೇಸಗೆ ನನಗೆ ಮರೆಯುವುದಿಲ್ಲ. ಅಮೆರಿಕದ ಒಪ್ಪಂದಗಳಲ್ಲಿ ಒಂದು ಅನುಕೂಲ ಇರುತ್ತದೆ. ಗ್ಯಾಸ್ ಬೇಡ ಅಂತ ಮೊದಲೇ ತಿಳಿಸಿದರೆ ಎತ್ತದೆ ಬಿಡಬಹುದು. ಆದರೆ ತಣಿಸುವ ಕಾರ್ಖಾನೆಯ ಶುಲ್ಕ ಕೊಡಲೇಬೇಕು. ಆಗ ಎತ್ತಿ ತಂದರೆ ಇನ್ನೂ ಜಾಸ್ತಿ ನಷ್ಟ ಆಗುತ್ತಿತ್ತು. ತೋಟ ಗುತ್ತಿಗೆಗೆ ಹಿಡಿದು ದುಡ್ಡು ಕಟ್ಟಿದ ಮೇಲೆ, ಕೊಯ್ಲಿನ ಕೂಲಿಯೂ ಹುಟ್ಟುವುದಿಲ್ಲ ಎಂದು ಫಸಲನ್ನು ಮರದಲ್ಲೇ ಬಿಟ್ಟ ಹಾಗೆ. ಆ ಬೇಸಗೆ ಅಮೆರಿಕದಲ್ಲಿ ನೂರಕ್ಕೂ ಹೆಚ್ಚು ಹಡಗುಗಳ ಸರಕು ಹೀಗೆ ರದ್ದಾಯಿತು. ನಮ್ಮ ಕಡೆಯ ರದ್ದು ಪತ್ರವೊಂದನ್ನು ಟೈಪ್ ಮಾಡಿದವಳು ನಾನೇ. ಒಂದು ಪುಟದ ಪತ್ರ. ಅದನ್ನು ಕಳಿಸಿ ರಾತ್ರಿ ಸರಿಯಾಗಿ ನಿದ್ದೆ ಬರಲಿಲ್ಲ.

ಈಗ ನಮ್ಮ ಪೈಪಿನ ಕಥೆಗೆ ಬರುತ್ತೇನೆ. ಕೊಚ್ಚಿಯ ಪುದುವೈಪಿನಲ್ಲಿ ಇರುವುದು ಪೆಟ್ರೊನೆಟ್ ಎಲ್‌ಎನ್‌ಜಿ ಕಂಪೆನಿಯ ಟರ್ಮಿನಲ್, ಅಂದರೆ ಹಡಗಿನಿಂದ ಇಳಿಸಿದ್ದನ್ನು ಮತ್ತೆ ಗ್ಯಾಸ್ ಮಾಡುವ ಜಾಗ, ವರ್ಷಕ್ಕೆ 50 ಲಕ್ಷ ಟನ್ ಸಾಮರ್ಥ್ಯದ್ದು. ಅದಕ್ಕಾಗಿ ಆಸ್ಟ್ರೇಲಿಯದ ಗೋರ್ಗನ್ ಗ್ಯಾಸನ್ನು ವರ್ಷಕ್ಕೆ 14.4 ಲಕ್ಷ ಟನ್ ಕೊಳ್ಳುವ 20 ವರ್ಷದ ಒಪ್ಪಂದ ಆದದ್ದು 2009ರಲ್ಲಿ. ಟರ್ಮಿನಲ್ ತಯಾರಾದದ್ದು 2013ರಲ್ಲಿ. ಆದರೆ ಅಲ್ಲಿಂದ ಗ್ಯಾಸ್ ಹೊರಗೆ ಹೋಗಲು ದಾರಿಯೇ ಇರಲಿಲ್ಲ. 450 ಕಿಲೋಮೀಟರ್ ಪೈಪು ಊರೂರು ದಾಟಿ, ಕೊನೆಗೆ ನಮ್ಮ ಚಂದ್ರಗಿರಿ ಹೊಳೆಯ ಅಡಿಯಲ್ಲಿ ಕೊರೆದು ಸೇರಿಸುವಾಗ 2020 ಮುಗಿಯುತ್ತಾ ಬಂದಿತ್ತು. ಉದ್ಘಾಟನೆ ಆದದ್ದು 2021ರ ಜನವರಿ 5ರಂದು. ಅಷ್ಟು ವರ್ಷ ಆ ದೊಡ್ಡ ಟರ್ಮಿನಲ್ ಬಹುಪಾಲು ಖಾಲಿ ಕೂತಿತ್ತು. ಅಪ್ಪಚ್ಚಿಯಂಥವರು ಜಾಗ ಕೊಡಲು ಹಿಂದೆ ಮುಂದೆ ನೋಡಿದ್ದನ್ನು ನಾನು ತಪ್ಪು ಅನ್ನುವುದಿಲ್ಲ. ಸಸಿ ನೆಡಲಾಗದ ನೆಲ ಹೆಸರಿಗೆ ಮಾತ್ರ ನಮ್ಮದು. ಆದರೆ ಇಲ್ಲಿ ಹೊಳೆ ದಾಟಲು ತಡವಾದಾಗ ಅಲ್ಲಿ ಟೇಕ್ ಆರ್ ಪೇ ಗಡಿಯಾರ ನಡೆಯುತ್ತಲೇ ಇರುತ್ತದೆ ಎಂಬುದನ್ನು ಯಾರೂ ಅವರಿಗೆ ಹೇಳಿರಲಿಲ್ಲ.

ಒಪ್ಪಂದ ಎಂದರೆ ಕಲ್ಲಿನ ಮೇಲೆ ಬರೆದದ್ದಲ್ಲ ಅನ್ನುವುದೂ ನಿಜ. ಕತಾರಿನಿಂದ ವರ್ಷಕ್ಕೆ 75 ಲಕ್ಷ ಟನ್ ಕೊಳ್ಳುವ ಒಪ್ಪಂದ 1999ರದ್ದು. 2015ರಲ್ಲಿ ಅದರ ಬೆಲೆ 12, 13 ಡಾಲರ್ ಇದ್ದಾಗ ಸ್ಪಾಟ್‌ನಲ್ಲಿ 6, 7ಕ್ಕೆ ಸಿಗುತ್ತಿತ್ತು. ಭಾರತ ಕಡಿಮೆ ಎತ್ತಿತು. ಕತಾರಿನವರು ದಂಡ ಬಿಟ್ಟರು, ಬೆಲೆಯ ಸೂತ್ರ ಬದಲಿಸಿದರು. ಬದಲಿಗೆ ವರ್ಷಕ್ಕೆ ಇನ್ನೂ 10 ಲಕ್ಷ ಟನ್ ಕೊಳ್ಳಲು ಭಾರತ ಒಪ್ಪಿತು. ಗೋರ್ಗನ್ ಒಪ್ಪಂದದ ಬೆಲೆಯೂ 2017ರಲ್ಲಿ ಇಳಿಯಿತು. 2024ರ ಫೆಬ್ರವರಿಯಲ್ಲಿ ಕತಾರ್ ಒಪ್ಪಂದ 2048ರ ತನಕ ಮುಂದುವರಿಯಿತು. ಒಳ್ಳೆಯ ವ್ಯಾಪಾರ ಹೀಗೇ ಇರಬೇಕು ಅನ್ನಿಸುತ್ತದೆ ನನಗೆ.

ಆದರೆ 2022ರಲ್ಲಿ ಕಂಡದ್ದು ಬೇರೆ. ಯುರೋಪು ಕೇಳಿದಷ್ಟು ಕೊಟ್ಟು ಕೊಳ್ಳುತ್ತಿತ್ತು. ಪಾಕಿಸ್ತಾನಕ್ಕೆ ದೀರ್ಘ ಒಪ್ಪಂದದಲ್ಲಿ ಬರಬೇಕಿದ್ದ ಹಡಗುಗಳು ತಪ್ಪಿದವು. ಆ ಜುಲೈಯಲ್ಲಿ ಅವರು ಕರೆದ ದೊಡ್ಡ ಟೆಂಡರಿಗೆ ಒಬ್ಬರೂ ಬೆಲೆ ಹೇಳಲಿಲ್ಲ. ಅಲ್ಲಿ ಗಂಟೆಗಟ್ಟಲೆ ಕರೆಂಟು ಹೋಯಿತು. ನಮ್ಮ ಸರ್ಕಾರಿ ಗ್ಯಾಸ್ ಕಂಪೆನಿ ಗೇಲ್‌ಗೂ ರಷ್ಯದ ಒಪ್ಪಂದದ ಹಡಗುಗಳು ನಿಂತುಹೋದವು. ಅವರು ಗೊಬ್ಬರದ ಕಾರ್ಖಾನೆಗಳಿಗೆ ಕೊಡುವುದನ್ನು ಕಡಿಮೆ ಮಾಡಬೇಕಾಯಿತು.

ಇಷ್ಟು ವರ್ಷ ಈ ಕಾಗದಗಳ ನಡುವೆ ಕೂತು ನನಗೆ ಚುಚ್ಚುವುದು ಇದೇ. ಕೊಳ್ಳುವವನು ಎತ್ತದಿದ್ದರೆ ಹೆಚ್ಚುಕಡಿಮೆ ಪೂರ್ತಿ ಬೆಲೆ ಕಟ್ಟಬೇಕು. ಮಾರುವವನು ಕೊಡದಿದ್ದರೆ ಎಷ್ಟೋ ಒಪ್ಪಂದಗಳಲ್ಲಿ ದಂಡಕ್ಕೆ ಒಂದು ಮಿತಿ. 10 ಡಾಲರಿನ ಗ್ಯಾಸನ್ನು 40ಕ್ಕೆ ಬೇರೆಯವರಿಗೆ ಕೊಟ್ಟು, ದಂಡ ಕಟ್ಟಿಯೂ ಲಾಭ ಮಾಡಬಹುದು. ಒಂದೇ ಕಾಗದ, ಎರಡು ತೂಕ.

ಇದನ್ನು ಫೋನಿನಲ್ಲಿ ಹೇಳಿದಾಗ ಅಪ್ಪಚ್ಚಿ ಸ್ವಲ್ಪ ಹೊತ್ತು ಸುಮ್ಮನಿದ್ದರು. "ಹಾಗಾದರೆ ಅಂಥದ್ದಕ್ಕೆ ನೀವು ಸೈನ್ ಹಾಕುವುದು ಎಂತಕ್ಕೆ?" ಎಂದರು.

ಗ್ಯಾಸ್ ಕಡಿಮೆ, ಗಿರಾಕಿ ಜಾಸ್ತಿ ಇದ್ದಾಗ ಕೊಳ್ಳುವವನ ಕೈ ಕೆಳಗಿರುತ್ತದೆ, ಅದಕ್ಕೆ ಎಂದೆ. ಆದರೆ ಈಗ ಕತಾರ್ ತನ್ನ ಸಾಮರ್ಥ್ಯವನ್ನು ವರ್ಷಕ್ಕೆ 7.7 ಕೋಟಿ ಟನ್ನಿನಿಂದ 14.2 ಕೋಟಿಗೆ ಏರಿಸುವ ಕೆಲಸ ಹಿಡಿದಿದೆ. ಅಮೆರಿಕದಲ್ಲೂ ಹೊಸ ಕಾರ್ಖಾನೆಗಳು ಏಳುತ್ತಿವೆ. ಅವರಿಗೆಲ್ಲ 20 ವರ್ಷದ ಗಿರಾಕಿ ಬೇಕು, ಭಾರತ ಬೇಕು. ಸ್ಲೋಪಿನಲ್ಲಿ ಕಾಲು ಪರ್ಸೆಂಟ್ ಬಿಟ್ಟುಕೊಟ್ಟರೂ ಚಿಂತೆ ಇಲ್ಲ, ಮಾರುವವನ ದಂಡದ ಮಿತಿ ತೆಗೆಸಿ ಅಂತಲೇ ನಾನು ಮೀಟಿಂಗುಗಳಲ್ಲಿ ಹೇಳುತ್ತಿರುವುದು. ಒಂದು ಕರಡಿನಲ್ಲಿ ಹಾಗೆ ಬರೆದು ಕಳಿಸಿದ್ದೇವೆ. ಎದುರಿನವರು ಇನ್ನೂ ಉತ್ತರ ಕೊಟ್ಟಿಲ್ಲ.

"ಕೊಟ್ಟರೆ ಹೇಳು," ಎಂದರು ಅಪ್ಪಚ್ಚಿ. ಅಂಗಳದಲ್ಲಿ ಅಡಿಕೆ ಒಣಗಲು ಹಾಕಿದ್ದರಂತೆ, ಮೋಡ ಆಯಿತೆಂದು ಫೋನ್ ಇಟ್ಟರು.