ಕೆಂಚ ರಾತ್ರಿ ಯಾಕೆ ಅಳುತ್ತಿದ್ದ

ನಾಯಿ ಮನೆಯೊಳಗೆ ಮಲಗುವ ಪದ್ಧತಿ ನಮ್ಮಲ್ಲಿ ಇರಲಿಲ್ಲ. ಚಿಕ್ಕಮಗಳೂರು ಕಡೆಯ ಆಲ್ದೂರಿನಿಂದ ನಾಲ್ಕು ಕಿಲೋಮೀಟರ್ ಒಳಗೆ ಬಂದರೆ ನಮ್ಮ ತೋಟ. ಇಲ್ಲಿ ನಾಯಿ ಅಂದರೆ ಜಗಲಿ, ಕಣ, ಕೊಟ್ಟಿಗೆ, ಅಷ್ಟೇ. ಹೋದ ಮಳೆಗಾಲದಲ್ಲಿ ನಮ್ಮ ಕರಿಯನನ್ನು ಕಿರುಬ ಜಗಲಿಯಿಂದಲೇ ಎತ್ತಿಕೊಂಡು ಹೋಯಿತು. ಕಿರುಬ ಅಂದರೆ ಚಿರತೆ, ನಮ್ಮ ಕಡೆ ಹಾಗೇ ಹೇಳುವುದು. ಒಂದೇ ಸಲ ಕುಂಯ್ ಅಂದಿದ್ದು ಕೇಳಿಸಿತು. ಲೈಟ್ ಹಾಕಿ ಬಾಗಿಲು ತೆಗೆಯುವಷ್ಟರಲ್ಲಿ ಸರಪಳಿ ಮಾತ್ರ ಬಿದ್ದಿತ್ತು. ಇನ್ನು ಈ ಮನೆಗೆ ನಾಯಿ ಬೇಡ ಅಂತ ನಮ್ಮನೆಯವರು ಅವತ್ತೇ ಹೇಳಿಬಿಟ್ಟರು.

ಆದರೆ ಡಿಸೆಂಬರ್ ಬಂತು. ಕೊಯ್ಲು ಶುರುವಾಯಿತು, ಕಣದ ತುಂಬಾ ಕಾಫಿ ಹರಡಿತು. ರಾತ್ರಿ ಬೊಗಳುವ ಒಂದು ಪ್ರಾಣಿ ಬೇಕಲ್ವಾ? ಹಣ್ಣು ಕೊಯ್ಯಲು ಬರುವ ಹುಡುಗಿಯೊಬ್ಬಳು "ಅಕ್ಕಾ, ಲೈನಲ್ಲಿ ನಾಯಿ ಐದು ಮರಿ ಹಾಕಿದೆ, ಒಂದು ಕೊಡ್ತೀನಿ" ಎಂದಳು. ಲೈನ್ ಅಂದರೆ ತೋಟದ ಕೆಲಸದವರ ಸಾಲುಮನೆ. ಆಗ ಮರಿಗಳಿಗೆ ಆರು ವಾರ. ಎರಡು ತಿಂಗಳಾದರೂ ತಾಯಿ ಹತ್ತಿರ ಇರಲಿ ಅಂತ ಕಾದೆ. ಇಡೀ ಕತೆಯಲ್ಲಿ ನಾನು ಮೊದಲ ಸಲಕ್ಕೇ ಸರಿಯಾಗಿ ಮಾಡಿದ್ದು ಅದೊಂದೇ.

ಬಂದವನು ಕೆಂಚ. ಕೆಂಪಗಿದ್ದ, ಕೆಂಚ ಅಂದೆವು. ಬಿಳಿ ಕಾಲು, ಒಂದು ಕಿವಿ ಮಡಚಿದೆ. ಹಗಲೆಲ್ಲಾ ಸುಖವಾಗಿ ನಿದ್ದೆ. ಆ ವಯಸ್ಸಿನ ಮರಿ ದಿನಕ್ಕೆ ಹದಿನೆಂಟು, ಇಪ್ಪತ್ತು ಗಂಟೆ ಮಲಗುತ್ತದೆ. ಪಾಪ, ಸಾಧು ಮರಿ ಅಂದುಕೊಂಡೆ.

ರಾತ್ರಿ ಬಚ್ಚಲುಮನೆಯಲ್ಲಿ ಮಲಗಿಸಿದೆವು. ಹಂಡೆಯ ಒಲೆ ಇರುತ್ತದಲ್ಲ, ಬೆಚ್ಚಗಿರುತ್ತದೆ ಅಂತ. ಹತ್ತು ಗಂಟೆಗೆ ಬಾಗಿಲು ಹಾಕಿದ್ದೇ ತಡ, ಶುರುವಾಯಿತು. ಮೊದಲು ಸಣ್ಣಗೆ ಕುಂಯ್ ಕುಂಯ್. ಆಮೇಲೆ ಊಳಿಡುವುದು. ಅಂಗೈಯಷ್ಟು ಪ್ರಾಣಿಗೆ ಅಷ್ಟು ದೊಡ್ಡ ಗಂಟಲು ಎಲ್ಲಿಂದ ಬಂತೋ. "ಅತ್ತು ಅತ್ತು ತಾನೇ ಸುಮ್ಮನಾಗುತ್ತೆ, ನೀನು ಎದ್ದು ಹೋದರೆ ಅದೇ ರೂಢಿಯಾಗುತ್ತೆ" ಎಂದರು ನಮ್ಮನೆಯವರು. ಹೀಗೆಂದು ಹೇಳಿ ಕಿವಿಗೆ ಮಫ್ಲರ್ ಸುತ್ತಿಕೊಂಡು ಮಲಗಿದರು. ನನ್ನ ತಂಗಿಯೂ ಫೋನಿನಲ್ಲಿ ಇದನ್ನೇ ಹೇಳಿದ್ದಳು. ಒಂದೂವರೆವರೆಗೆ ಕೇಳಿಸಿಕೊಂಡು ಬಿದ್ದಿದ್ದೆ. ಆಮೇಲೆ ಆಗಲಿಲ್ಲ. ಹೋಗಿ ನೋಡಿದರೆ ಒಲೆ ಯಾವಾಗಲೋ ಆರಿ ಬೂದಿಯಾಗಿತ್ತು. ಸಿಮೆಂಟ್ ನೆಲ ಮಂಜುಗಡ್ಡೆಯ ಹಾಗೆ ತಣ್ಣಗೆ ಕೊರೆಯುತ್ತಿತ್ತು. ಕೊಟ್ಟ ಗೋಣಿಯ ಮೇಲೇ ಉಚ್ಚೆ ಹೊಯ್ದುಕೊಂಡು, ಅದು ಒದ್ದೆಯಾಯಿತೆಂದು ಮೂಲೆಯಲ್ಲಿ ಬರಿ ನೆಲದ ಮೇಲೆ ನಡುಗುತ್ತಾ ನಿಂತಿತ್ತು ಮರಿ. ಇದಕ್ಕೆ ಹಠ ಅನ್ನುತ್ತೀವಲ್ಲ ನಾವು! ಮೊನ್ನೆ ತನಕ ನಾಲ್ಕು ಒಡಹುಟ್ಟುಗಳ ಮೈಮೇಲೆ ಮೈ ಹಾಕಿ ಮಲಗುತ್ತಿದ್ದ ಜೀವ ಅದು.

ಮಾರನೇ ದಿನ ಪೇಟೆಯಿಂದ ಒಂದು ಟೊಮೆಟೊ ಕ್ರೇಟ್ ತಂದೆ. ಮರಿಗೆ ಅದೇ ಸರಿಯಾದ ಮಂಚ. ಗೋಡೆ ಎತ್ತರ ಇರುವುದರಿಂದ ಹತ್ತಿ ಬರಲಾಗದು, ಗಾಳಿ ಆಡುತ್ತದೆ, ತೊಳೆಯುವುದೂ ಸುಲಭ. ಮಲಗುವ ಜಾಗ ಚಿಕ್ಕದಿದ್ದರೆ ಮರಿ ಅಲ್ಲಿ ಗಲೀಜು ಮಾಡಲು ಹಿಂದೆಮುಂದೆ ನೋಡುತ್ತದೆ. ಒಳಗೆ ಹಳೇ ಕಂಬಳಿ ತುಂಡು. ಹಂಡೆಯಿಂದ ಬಿಸಿನೀರು ತುಂಬಿದ ಒಂದು ಬಾಟಲಿ, ಅದಕ್ಕೆ ಮಗಳ ಹಳೇ ಸ್ವೆಟರಿನ ತೋಳು ತೊಡಿಸಿದ್ದೆ. ಜಾಸ್ತಿ ಬಿಸಿ ಇದ್ದರೆ ಮರಿಯ ಹೊಟ್ಟೆ ಸುಡುತ್ತದೆ, ನಮ್ಮ ಕೆನ್ನೆಗಿಟ್ಟುಕೊಂಡು ಹಿತವಾಗಿದ್ದರೆ ಸಾಕು. ಮತ್ತೆ ಲೈನಿಗೆ ಹೋಗಿ, ತಾಯಿನಾಯಿ ಮಲಗುವ ಗೋಣಿಯಿಂದ ಮೊಳದಷ್ಟು ಕತ್ತರಿಸಿಕೊಂಡು ಬಂದೆ. ತಾಯಿ ಮೈವಾಸನೆ ಇರಲಿ ಅಂತ. ಕತ್ತರಿ ಹಿಡಿದುಕೊಂಡು ನಾಯಿ ಹಾಸಿಗೆ ಕತ್ತರಿಸುವವಳನ್ನು ಅಲ್ಲಿಯವರು ಹೇಗೆ ನೋಡಿದರು ಅನ್ನುವುದು ಬೇಡ.

ಕ್ರೇಟನ್ನು ನನ್ನ ಮಂಚದ ಪಕ್ಕದಲ್ಲೇ ಇಟ್ಟೆ. ಅತ್ತಾಗ ಎತ್ತಿಕೊಳ್ಳಲಿಲ್ಲ, ಮಾತೂ ಆಡಲಿಲ್ಲ. ಕೈ ಮಾತ್ರ ಕೆಳಗಿಳಿಸಿದೆ. ತಣ್ಣನೆ ಮೂಗು ಬಂದು ಬೆರಳಿಗೆ ತಾಗಿತು. ಒಂದು ಬೆರಳನ್ನು ಬಾಯಲ್ಲಿ ಹಿಡಿದು ಸ್ವಲ್ಪ ಚೀಪಿದ. ಆಮೇಲೆ ನನ್ನ ಅಂಗೈ ಮೇಲೇ ಗಲ್ಲ ಇಟ್ಟ. ಉಸಿರು ಮೊದಲು ಬೇಗಬೇಗ ಬರುತ್ತಿತ್ತು, ಬರಬರುತ್ತಾ ನಿಧಾನವಾಯಿತು. ಕೈ ಜೋಮು ಹಿಡಿದರೂ ತೆಗೆಯಲಿಲ್ಲ ನಾನು. ಟಿಕ್ ಟಿಕ್ ಗಡಿಯಾರ ಇಟ್ಟರೆ ಒಳ್ಳೆಯದು ಅಂತ ಮಗಳು ತಂದಿಟ್ಟಿದ್ದಳು. ಅದರಿಂದ ನಿದ್ದೆ ಕೆಟ್ಟಿದ್ದು ನನಗೆ.

ಇನ್ನು ಉಚ್ಚೆಯ ವಿಷಯ. ಲಸಿಕೆಗೆ ಅಂತ ಪಶು ಆಸ್ಪತ್ರೆಗೆ ಹೋದಾಗ ಡಾಕ್ಟರು ಒಂದು ಲೆಕ್ಕ ಹೇಳಿದರು. ಮರಿಗೆ ಎಷ್ಟು ತಿಂಗಳೋ ಅದಕ್ಕೆ ಒಂದು ಸೇರಿಸಿ, ಸುಮಾರು ಅಷ್ಟು ಗಂಟೆ ಕಟ್ಟಿಕೊಳ್ಳುತ್ತದೆ. ಎರಡು ತಿಂಗಳ ಮರಿಗೆ ಮೂರು ಗಂಟೆ. ಅಂದರೆ ಹತ್ತಕ್ಕೆ ಒಮ್ಮೆ, ಒಂದಕ್ಕೆ ಒಮ್ಮೆ, ನಾಲ್ಕಕ್ಕೆ ಒಮ್ಮೆ. ಅದು ಅಳುವವರೆಗೆ ಕಾಯಬಾರದು. ಅತ್ತ ಮೇಲೆ ಕರೆದುಕೊಂಡು ಹೋದರೆ, ಅತ್ತರೆ ಬಾಗಿಲು ತೆರೆಯುತ್ತದೆ ಅಂತ ಕಲಿತುಬಿಡುತ್ತದೆ. ಅದಕ್ಕೇ ಹನ್ನೆರಡೂ ಮುಕ್ಕಾಲಿಗೆ ಅಲಾರಂ ಇಟ್ಟು, ನಾನೇ ಮೊದಲು ಎದ್ದು ಎತ್ತಿಕೊಂಡು ಹೋಗುತ್ತಿದ್ದೆ.

ಎತ್ತಿಕೊಂಡು ಹೋಗುವುದು ಅಂದರೆ ನಮ್ಮ ಕಡೆ ಅಷ್ಟು ಸಲೀಸಲ್ಲ. ಮೊದಲು ಆನೆ ಎಲ್ಲಿದೆ ಅಂತ ಬರುವ ವಾಟ್ಸಾಪ್ ಗ್ರೂಪ್ ನೋಡಬೇಕು. ಆಮೇಲೆ ಕಿಟಕಿಯಿಂದ ಟಾರ್ಚ್ ಬಿಟ್ಟು ಅಂಗಳದ ಸುತ್ತ ಕಣ್ಣು ಹೊಳೆಯುತ್ತದಾ ಅಂತ ನೋಡಬೇಕು. ಆಮೇಲೆ ಬಾಗಿಲು. ಮಂಜಿನಲ್ಲಿ ಟಾರ್ಚ್ ಬೆಳಕು ಹತ್ತು ಹೆಜ್ಜೆಗೇ ಮುಗಿದುಹೋಗುತ್ತದೆ. ಮೆಟ್ಟಿಲ ಪಕ್ಕದ ದಾಸವಾಳದ ಬುಡವೇ ಕೆಂಚನ ಜಾಗ. ದಿನಾ ಅದೇ ಜಾಗ, ದಿನಾ ಅದೇ ಒಂದು ಮಾತು, "ಹೊಯ್ಯೋ". ಆದ ತಕ್ಷಣ ಒಳಗೆ. ಅವನಿಗೆ ಆಟ ಬೇಕು, ನನ್ನ ಸೀರೆ ನೆರಿಗೆ ಹಿಡಿದು ಎಳೆಯುತ್ತಾನೆ. ಕರಿಯನನ್ನು ನೆನೆದರೆ ನನಗೆ ಆಟ ಎಲ್ಲಿ ಬರಬೇಕು? ಭಯಕ್ಕೇ ಒಳ್ಳೆ ಶಿಸ್ತು ಬಂತು ಅನ್ನಿ.

ನಾಲ್ಕನೇ ರಾತ್ರಿ ಐದು ಸಲ ಎದ್ದ. ನಮ್ಮದೇ ತಪ್ಪು. ಹೊಟ್ಟೆ ತುಂಬಿದರೆ ಚೆನ್ನಾಗಿ ಮಲಗುತ್ತಾನೆ ಅಂತ ಒಂಬತ್ತು ಗಂಟೆಗೆ ಒಂದು ಬಟ್ಟಲು ಹಸುವಿನ ಹಾಲು ಕುಡಿಸಿದ್ದೆ. ಮರಿಗಳಿಗೆ ಅದು ಜೀರ್ಣವಾಗುವುದು ಕಷ್ಟ, ಭೇದಿ ಶುರುವಾಯಿತು. ಮಾರನೇ ದಿನದಿಂದ ಸಂಜೆ ಆರೂವರೆಗೆ ಮೆತ್ತಗಿನ ಅನ್ನ, ಬೇಯಿಸಿದ ಮೊಟ್ಟೆ. ಎಂಟರ ನಂತರ ನೀರಿನ ಬಟ್ಟಲು ಎತ್ತಿಡುತ್ತಿದ್ದೆ. ಊಟವಾದ ಮೇಲೆ ಅವನು ಒಲೆ ಮುಂದೆ ತೂಕಡಿಸುತ್ತಾನಲ್ಲ, ಅದಕ್ಕೆ ಬಿಡಬಾರದು. ಮಗಳು ಒಂದು ಕಾಲ್ಚೀಲ ಕಟ್ಟಿ ಎಳೆದಾಡಿಸಿ ಒಂಬತ್ತೂವರೆವರೆಗೆ ಎಬ್ಬಿಸಿಟ್ಟಿರುತ್ತಿದ್ದಳು. ಪರೀಕ್ಷೆಗೆ ಓದುವುದಕ್ಕಿಂತ ಆ ಕೆಲಸ ಅವಳಿಗೆ ಹಿತವಾಗಿತ್ತು.

ಒಂದು ರಾತ್ರಿ ಅಳಲಿಲ್ಲ, ಆದರೆ ಮಲಗಲೂ ಇಲ್ಲ. ಕ್ರೇಟಿನಲ್ಲಿ ಒಂದೇ ಸಮ ಪರಪರ ಸದ್ದು. ಟಾರ್ಚ್ ಹಿಡಿದು ಕಿವಿ ಮಡಚಿ ನೋಡಿದರೆ ಮೂರು ಉಣುಗು. ತೋಟದಲ್ಲಿ ಸುತ್ತಿದ ನಾಯಿಗೆ ಹತ್ತುವಂಥದ್ದೇ. ಚಿಮಟದಲ್ಲಿ ಬುಡಕ್ಕೆ ಹಿಡಿದು ಮೆಲ್ಲಗೆ ಕಿತ್ತೆ. ಬರಿಗೈಯಲ್ಲಿ ಹಿಸುಕಬೇಡಿ, ಮಲೆನಾಡಿನವರಿಗೆ ಉಣುಗಿನ ವಿಷಯ ಹೇಳಿಕೊಡಬೇಕಾಗಿಲ್ಲ. ಕಿತ್ತ ಹತ್ತು ನಿಮಿಷಕ್ಕೆ ಗೊರಕೆ.

ವಾರದ ಮೇಲೆ ಒಂದು ಗಂಟೆಯ ಅಲಾರಂ ಅನ್ನು ಎರಡು ದಿನಕ್ಕೊಮ್ಮೆ ಹದಿನೈದು ನಿಮಿಷ ಮುಂದಕ್ಕೆ ಹಾಕುತ್ತಾ ಬಂದೆ. ಎರಡಾಯಿತು, ಎರಡೂವರೆ ಆಯಿತು. ನಾಲ್ಕು ಗಂಟೆಯದು ತಾನಾಗಿಯೇ ಬಿಟ್ಟುಹೋಯಿತು. ಕ್ರೇಟನ್ನೂ ಹಾಗೇ ಸರಿಸಿದೆ. ಮಂಚದಿಂದ ಕೋಣೆ ಬಾಗಿಲಿಗೆ, ಬಾಗಿಲಿನಿಂದ ನಡುಮನೆಗೆ.

ಚೆನ್ನಾಗಿಯೇ ನಡೆಯುತ್ತಿತ್ತು. ಆ ಗೋಣಿ ತುಂಡಿನದು ಮಾತ್ರ ನಾತ ತಡೆಯಲಾಗದೆ ಒಂದು ಭಾನುವಾರ ಸೋಪು ಹಾಕಿ ಒಗೆದುಬಿಟ್ಟೆ. ಅವತ್ತು ರಾತ್ರಿ ಮತ್ತೆ ಮೊದಲನೇ ದಿನದ ರಾಗ. ಗೋಣಿ ಮೂಸುವುದು, ಸುತ್ತು ಹಾಕುವುದು, ಅಳುವುದು. ಬೆಳಗ್ಗೆ ಎದ್ದವಳೇ ಕತ್ತರಿ ತೆಗೆದುಕೊಂಡು ಮತ್ತೆ ಲೈನಿಗೆ ಹೋದೆ. ಈ ಸಲ ಅವರೇ ಕತ್ತರಿಸಿ ಕೊಟ್ಟರು.

ಮೊನ್ನೆ ಮೂರು ತಿಂಗಳು ತುಂಬಿತು, ರೇಬೀಸ್ ಲಸಿಕೆಯೂ ಆಯಿತು. ಈಗ ರಾತ್ರಿ ಹತ್ತಕ್ಕೆ ಮಲಗಿದರೆ ಐದಕ್ಕೆ ಏಳುತ್ತಾನೆ, ನಮ್ಮನೆಯವರು ಹಂಡೆಗೆ ಉರಿ ಹಾಕುವ ಹೊತ್ತಿಗೆ. ಕಣದ ಕಾವಲಿಗೆ ಅವನು ಇನ್ನೂ ಒಂದು ದಿನವೂ ಹೋಗಿಲ್ಲ. ಗೋಣಿ ತುಂಡು ನಡುಮನೆಯಲ್ಲೇ ಇದೆ. ನಿನ್ನೆ ಅತ್ತಿಗೆ ಬಂದಿದ್ದವರು ಕಾಫಿ ಕುಡಿಯುತ್ತಾ "ಎಲ್ಲೋ ಇಲಿ ಸತ್ತಿರಬೇಕು ನೋಡೇ" ಎಂದರು. ನೋಡ್ತೀನಿ ಅತ್ತಿಗೆ ಅಂದೆ.