ಅದೇ ಬೀದಿ, ಅದೇ ಮಳಿಗೆ

ಇಂದು ಸಂಜೆ ಸರಸ್ವತಿಪುರಂನ ಮನೆಯಲ್ಲಿ ‘ಸ್ಯಾಮ್ ಅಂಡ್ ಮ್ಯಾಕ್ಸ್’ ಎಂಬ ವಿಡಿಯೊ ಆಟದ ಮೊದಲ ಸರಣಿಯನ್ನು ಆಡುತ್ತಿದ್ದ ಅಣ್ಣನ ಮಗ, “ಚಿಕ್ಕಪ್ಪ, ಪ್ರತಿ ಕಂತಿನಲ್ಲೂ ಅದೇ ಬೀದಿ ಬರುತ್ತಲ್ಲ?” ಎಂದು ಕೇಳಿದ.

2006ರ ಅಕ್ಟೋಬರ್‌ನಿಂದ 2007ರ ಏಪ್ರಿಲ್‌ವರೆಗೆ ಟೆಲ್‌ಟೇಲ್ ಸಂಸ್ಥೆ ಆರು ಕಂತುಗಳಲ್ಲಿ ಹೊರತಂದ ಈ ಹಾಸ್ಯಸಾಹಸದ ಆಟಕ್ಕೆ ವಿಮರ್ಶಕರು ಎತ್ತಿದ ಆಕ್ಷೇಪಗಳಲ್ಲಿ ಇದೂ ಒಂದು. ಸಂಭಾಷಣೆಯ ಚುರುಕನ್ನೂ ಕಂತುಗಳು ತಪ್ಪದೆ ಬಂದದ್ದನ್ನೂ ಮೆಚ್ಚಿದ ಅವರು, ಒಗಟುಗಳು ಸುಲಭವೆಂದೂ ಕಂತುಗಳು ಚಿಕ್ಕವೆಂದೂ ಸ್ಥಳಗಳು ಮರುಕಳಿಸುತ್ತವೆಂದೂ ಬರೆದರು.

ಮೊದಲೆರಡನ್ನು ಒಪ್ಪುತ್ತೇನೆ. ಮೂರನೆಯದನ್ನು ಒಪ್ಪಲಾರೆ.

ಆ ಬೀದಿಯಲ್ಲಿ ಮಳಿಗೆಯಿಟ್ಟಿರುವ ಸಿಬಿಲ್ ಎಂಬ ಪಾತ್ರ ಮೊದಲ ಕಂತಿನಲ್ಲಿ ಮನೋಚಿಕಿತ್ಸಕಿ, ಎರಡನೆಯದರಲ್ಲಿ ಪತ್ರಕರ್ತೆ. ಹೀಗೆ ಪ್ರತಿ ಸಲವೂ ಹೊಸ ಕಸುಬು, ಆದರೆ ಮಳಿಗೆ ಮಾತ್ರ ಅದೇ. ನಮ್ಮ ದೇವರಾಜ ಮಾರುಕಟ್ಟೆಯಲ್ಲಿ ಹೂ ಮಾರುವವರು ಒಂದು ಬೆಳಿಗ್ಗೆ ಅದೇ ಜಾಗದಲ್ಲಿ ಗಡಿಯಾರ ರಿಪೇರಿಗೆ ಕುಳಿತರೆ, ಅಲ್ಲಿಗೆ ದಿನವೂ ಹೋಗುವವರಿಗಷ್ಟೇ ನಗು ಬಂದೀತು. ಬೀದಿಯನ್ನೂ ಬದಲಿಸಿಬಿಟ್ಟಿದ್ದರೆ ಆ ನಗೆ ಹುಟ್ಟುತ್ತಲೇ ಇರಲಿಲ್ಲ.

ಅಲ್ಲದೆ, ಒಂದೊಂದು ಕಂತಿಗೂ ವಾರಗಟ್ಟಲೆ ಕಾದು ಆಡಿದವರಿಗೆ ಅದು ಮತ್ತೆ ಸಿಕ್ಕ ಪರಿಚಯದ ಬೀದಿಯಾಗಿತ್ತು. ಅಣ್ಣನ ಮಗ ಆರನ್ನೂ ದಸರಾ ರಜೆಯಲ್ಲೇ ಮುಗಿಸಲು ಹೊರಟಿದ್ದಾನೆ, ಹಾಗಾಗಿ ಅವನಿಗೆ ಬೇಸರವಾಗುವುದು ಸಹಜ.